ಅಟ್ಟದ ಗುಜರಿಯಿಂದ ಹುಳು ಮನೆಗೊಂದು ಅಲಾರಂ

ಶಿಡ್ಲಘಟ್ಟ ಕಡೆ ರೇಷ್ಮೆ ಹುಳು ಸಾಕೋರ ಮನೇಲಿ ಎರಡು ಸಾಮಾನು ಇದ್ದೇ ಇರತ್ತೆ. ಒಂದು, ಹುಳು ಮನೆ ಗೋಡೆಗೆ ನೇತಾಕಿರೋ, ಕಾವೂ ತೇವನೂ ಎರಡೂ ತೋರ್ಸೋ ಒಣ-ತೇವ ಥರ್ಮಾಮೀಟರು. ಇನ್ನೊಂದು, ಅಟ್ಟದ ಮೇಲೆ ಕೆಟ್ಟೋಗಿ ಬಿದ್ದಿರೋ ರೇಡಿಯೋ, ಡಿವಿಡಿ, ಚಾರ್ಜರ್‌ಗಳ ರಾಶಿ. ಥರ್ಮಾಮೀಟರ್ ಇದ್ರೆ ಆಯ್ತಾ, ನೋಡೋರೂ ಬೇಕಲ್ಲ. ಬೇಸಿಗೇಲಿ ಎಲ್ರೂ ಸೊಪ್ಪು ಕೊಯ್ಯೋಕೆ ತೋಟಕ್ಕೆ ಹೋದಾಗ ಶೀಟಿನ ಕೆಳಗೆ ಕಾವು ಏರಿ 31, 32 ಡಿಗ್ರಿ ಆಗಿರತ್ತೆ, ವಾಪಸ್ ಬಂದು ನೋಡೋ ಹೊತ್ಗೆ ಹುಳ ಸೊಪ್ಪು ಮುಟ್ಟದೆ ಸುಮ್ನೆ ಬಿದ್ದಿರತ್ತೆ, ಆಮೇಲೆ ಹಾಲುತೊಂಡೆ ಬಂತು ಸಪ್ಪೆ ರೋಗ ಬಂತು ಅಂತ ತಲೆ ಮೇಲೆ ಕೈ. ಅದ್ಕೆ ಈ ಎರಡನ್ನೂ ಸೇರ್ಸಿ, ಕಾವು ಒಂದು ಮಟ್ಟ ದಾಟಿದ್ರೆ ಕೂಗೋ ಪೆಟ್ಗೆ ಒಂದು ಮಾಡಿದ್ವಿ. ಮಾಡಿದ್ವಿ ಅಂದ್ರೆ ನಾನು ಮತ್ತೆ ರಜಕ್ಕೆ ಬಂದಿದ್ದ ಅಕ್ಕನ ಮಗ, ಒಂಬತ್ತನೇ ಕ್ಲಾಸು.

ಮೊದ್ಲೇ ಹೇಳ್ಬಿಡ್ತೀನಿ, ರೆಡಿ ಥರ್ಮೋಸ್ಟಾಟ್ ಮಾಡ್ಯೂಲ್ ಆನ್‌ಲೈನಲ್ಲಿ ಕಮ್ಮಿ ರೇಟಿಗೇ ಸಿಗತ್ತೆ, ಗೊತ್ತು. ಬರೀ ಅಲಾರಂ ಬೇಕಿದ್ರೆ ಅದನ್ನೇ ತಗೊಳ್ಳಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಹುಡುಗ ಎಲೆಕ್ಟ್ರಾನಿಕ್ಸ್ ಕಲೀಬೇಕು ಅಂತ ಕೂತಿದ್ದ, ಯಾವ್ದೋ ವಿಡಿಯೋ ನೋಡಿ ಎಲ್ಇಡಿ ಮಿಣಮಿಣ ಮಾಡೋದು ಮಾಡಿ ಮುಗ್ಸಿದ್ದ, ಮುಂದೇನು ಅಂತ ಗೊತ್ತಿಲ್ಲ. ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ ಹೊಸಬ್ರು ಸೋಲ್ಡರಿಂಗ್ ಐರನ್ ಹಿಡಿಯೋಕಿಂತ ಮುಂಚೆ ಮಲ್ಟಿಮೀಟರ್ ಹಿಡೀಬೇಕು. ಸರ್ಕ್ಯೂಟ್ ಯಾರು ಬೇಕಾದ್ರೂ ನೋಡಿ ಜೋಡಿಸ್ತಾರೆ, ಕೈಯಲ್ಲಿರೋ ಪಾರ್ಟ್ ಏನು, ಅದು ಬದ್ಕಿದೆಯಾ, ಅದ್ರ ಬೆಲೆ ಎಷ್ಟು ಓಮ್ಸ್, ಇದು ಅಳತೆ ಮಾಡ್ದೋನಿಗೆ ಮಾತ್ರ ಗೊತ್ತಾಗೋದು. ಹೊಸ ಪಾರ್ಟ್ ತಂದ್ರೆ ಕವರ್ ಮೇಲೆ ಎಲ್ಲಾ ಬರ್ದಿರತ್ತೆ, ಅಳೆಯೋ ಅವಶ್ಯಕತೆನೇ ಬರಲ್ಲ. ಗುಜರೀಲಿ ಹಂಗಲ್ಲ, ಅಳೀದೆ ವಿಧಿಯಿಲ್ಲ. ಹಳದಿ ಬಣ್ಣದ ಡಿಟಿ830 ಮೀಟರ್ ಇನ್ನೂರು ಮುನ್ನೂರಕ್ಕೆ ಬರತ್ತೆ, ಈ ಕೆಲ್ಸಕ್ಕೆ ಅದು ಧಾರಾಳ ಆಯ್ತು.

ಅಟ್ಟ ಇಳ್ಸಿದಾಗ ಸಿಕ್ಕಿದ್ದು: ಎರಡು ಬ್ಯಾಂಡಿನ ರೇಡಿಯೋ, ಡಿವಿಡಿ ಪ್ಲೇಯರ್, ಒಂದು ಲ್ಯಾಂಡ್‌ಲೈನ್ ಫೋನ್ ಅದ್ರ ವೈರ್ ಸುರುಳಿ ಸಮೇತ, ಸತ್ತೋಗಿರೋ ಕಂಪ್ಯೂಟರ್ ಯುಪಿಎಸ್, ಕಂಪ್ಯೂಟರ್ ಎಸ್ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಪೆಟ್ಗೆ), ಲ್ಯಾಪ್‌ಟಾಪ್ ಬ್ಯಾಟರಿ, ಒಂದು ರಾಶಿ ಮೊಬೈಲ್ ಚಾರ್ಜರು, ಸಿಎಫ್ಎಲ್ ಬಲ್ಬು, ಸೊಳ್ಳೆ ಬ್ಯಾಟು, ಮತ್ತೆ ಹಳೇ ಡಬ್ಬಾ ಟಿವಿ. ಅಮ್ಮ ಕೆಳಗಿಂದ, ಅದೆಲ್ಲಾ ಗುಜರಿಯೋನಿಗೆ ಹಾಕಿದ್ರೆ ಪಾತ್ರೆನಾದ್ರೂ ಬರ್ತಿತ್ತು ಅಂತ.

ಇದ್ರಲ್ಲಿ ನಾಕು ಸಾಮಾನು ಹುಡುಗನಿಗೆ ಮುಟ್ಟೋಕೇ ಬಿಡ್ಲಿಲ್ಲ. ಡಬ್ಬಾ ಟಿವಿ, ಅದ್ರ ಪಿಕ್ಚರ್ ಟ್ಯೂಬಲ್ಲಿ ಸಾವಿರಾರು ವೋಲ್ಟು ಉಳ್ಕೊಂಡಿರ್ಬೋದು. ಸೊಳ್ಳೆ ಬ್ಯಾಟು, ಅದ್ರ ಕೆಪಾಸಿಟರೂ ಅದೇ ಜಾತಿ. ಸಿಎಫ್ಎಲ್, ಒಡೆದ್ರೆ ಒಳಗೆ ಪಾದರಸ. ಮೊಬೈಲ್ ಚಾರ್ಜರನ್ನ ಬಿಚ್ಚೋದೂ ಬೇಡ, ಹಂಗೇ ಮುಚ್ಕೊಂಡಿರೋ ಹಂಗೇ 5 ವೋಲ್ಟ್ ಕೊಡೋ ಪೆಟ್ಗೆ ಅಂತ ಬಳ್ಸೋಣ ಅಂದೆ. ಯಾರ ಮನೇಲಾದ್ರೂ ಹಳೇ ಮೈಕ್ರೋವೇವ್ ಓವನ್ ಇದ್ರೆ ಅದನ್ನಂತೂ ಕಡ್ಡಾಯವಾಗಿ ಬಿಡಿ, ಅದ್ರೊಳಗಿನ ಕೆಪಾಸಿಟರ್ 2000 ವೋಲ್ಟಿಗೂ ಮೇಲೆ ಹೋಗತ್ತೆ, ಕಲಿಯೋರ ಕೆಲ್ಸ ಅಲ್ಲವೇ ಅಲ್ಲ. ನಮ್ಮ ಪೂರ್ತಿ ಪ್ರಾಜೆಕ್ಟಲ್ಲಿ ಗೋಡೆ ಪ್ಲಗ್ಗಿಗೆ ಹೋಗೋದು ಆ ಚಾರ್ಜರ್ ಒಂದೇ, ಮಿಕ್ಕಿದ್ದೆಲ್ಲಾ 5 ವೋಲ್ಟು.

ಎಸ್ಎಂಪಿಎಸ್ ಮಾತ್ರ ನಾನೇ ಬಿಚ್ಚಿದ್ದು. ನಮ್ಮ 230 ವೋಲ್ಟ್ ಎಸಿಯನ್ನ ರೆಕ್ಟಿಫೈ ಮಾಡಿದ್ರೆ ಸುಮಾರು 325 ವೋಲ್ಟ್ ಡಿಸಿ ಆಗತ್ತೆ, ಅದು ಆ ಎರಡು ದಪ್ಪ ಕೆಪಾಸಿಟರಲ್ಲಿ ಕೂತಿರತ್ತೆ. ವರ್ಷಗಟ್ಲೆ ಅಟ್ಟದಲ್ಲಿ ಬಿದ್ದಿದ್ರೂ ಮೀಟರನ್ನ ಡಿಸಿ 1000 ರೇಂಜಿಗೆ ಹಾಕಿ ಎರಡೂ ಕೆಪಾಸಿಟರ್ ಮೇಲೆ ಸೊನ್ನೆ ತೋರ್ಸೋದನ್ನ ಅವನ ಕಣ್ಣಿಗೇ ತೋರ್ಸಿದ್ಮೇಲೆ ಬೋರ್ಡ್ ಮುಟ್ಟಿದ್ದು. ಯಾಕೆ ಬೇಕಿತ್ತು ಅಂದ್ರೆ ಹಳೇ ಎಸ್ಎಂಪಿಎಸ್ ಬೋರ್ಡುಗಳಲ್ಲಿ ಟಿಎಲ್494 ಇಲ್ಲಾ ಕೆಎ7500 ಅನ್ನೋ ಐಸಿ ಪಕ್ಕದಲ್ಲಿ ಸಾಮಾನ್ಯವಾಗಿ ಎಲ್ಎಂ393 ಇಲ್ಲಾ ಎಲ್ಎಂ339 ಇರತ್ತೆ. ಕಂಪ್ಯಾರೇಟರ್ ಐಸಿ ಅದು, ಎರಡು ವೋಲ್ಟೇಜ್ ಕೊಟ್ರೆ ಯಾವ್ದು ಜಾಸ್ತಿ ಅಂತ ಹೇಳತ್ತೆ, ಅಷ್ಟೇ ಅದ್ರ ಕೆಲ್ಸ. ನಮ್ದ್ರಲ್ಲಿ 8 ಕಾಲಿನ 393 ಸಿಕ್ತು, ಅದೃಷ್ಟ.

ಬಿಚ್ಚೋಕೆ 25 ವ್ಯಾಟಿನ ಐರನ್ನು ಮತ್ತೆ ಸಕ್ಕರ್ ಪಂಪು ಸಾಕು. ಒಂದು ವಿಷ್ಯ ಇದೆ, ಸ್ವಲ್ಪ ಈಚಿನ ಬೋರ್ಡುಗಳಲ್ಲಿ ಸೀಸ ಇಲ್ಲದ ಸೋಲ್ಡರ್ ಇರತ್ತೆ, ಅದು ಕರಗೋದು 217 ಡಿಗ್ರಿ ಮೇಲೆ. ನಮ್ಮ ಅಂಗಡೀಲಿ ಸಿಗೋ 60/40 ಸೀಸದ ಲೆಡ್ಡು 183ರಿಂದ 190ರೊಳಗೆ ಕರಗ್ಬಿಡತ್ತೆ. ಹಂಗಾಗಿ ಹಳೇ ಜಾಯಿಂಟ್ ಎಷ್ಟು ಒತ್ತಿದ್ರೂ ಕರಗ್ಲಿಲ್ಲ ಅಂದ್ರೆ ಐರನ್ ಒತ್ತಿ ಒತ್ತಿ ಬೋರ್ಡಿನ ತಾಮ್ರ ಕಿತ್ತಾಕೋ ಬದ್ಲು, ಅದ್ರ ಮೇಲೇ ಹೊಸಾ ಲೆಡ್ ಒಂಚೂರು ಹಾಕಿ, ಎರಡೂ ಬೆರ್ತು ಕಮ್ಮಿ ಬಿಸಿಗೇ ಕರಗತ್ತೆ, ಆಗ ಪಂಪಲ್ಲಿ ಎಳೀರಿ. ಕಿಟಕಿ ತೆಗ್ದು ಕೂತ್ಕೊಳ್ಳಿ, ಕೆಲ್ಸ ಆದ್ಮೇಲೆ ಕೈ ತೊಳ್ಕೊಳ್ಳಿ, ಸೀಸ ಅದು.

ಈಗ ಕಾವು ಅಳಿಯೋ ಪಾರ್ಟು. ಲ್ಯಾಪ್‌ಟಾಪ್ ಬ್ಯಾಟರಿ ಪ್ಯಾಕ್ ಒಳಗೆ ಸೆಲ್‌ಗಳ ಮಧ್ಯೆ ಹಳದಿ ಟೇಪ್ ಕೆಳಗೆ ಸಣ್ಣ ಹನಿ ಥರ ಒಂದು ಪಾರ್ಟ್ ಅಂಟ್ಸಿರ್ತಾರೆ, ಎರಡು ಸಪೂರ ವೈರ್ ಇರತ್ತೆ. ಅದೇ ಎನ್‌ಟಿಸಿ ಥರ್ಮಿಸ್ಟರ್, ಬಿಸಿ ಆದಷ್ಟೂ ರೆಸಿಸ್ಟೆನ್ಸ್ ಕಮ್ಮಿ ಆಗತ್ತೆ. ಚಾರ್ಜ್ ಆಗೋವಾಗ ಸೆಲ್ ಕಾಯ್ತಿದೆಯಾ ಅಂತ ನೋಡೋಕೆ ಇಟ್ಟಿರೋದು. ಪ್ಯಾಕ್ ಬಿಚ್ಚೋವಾಗ ಉಬ್ಬಿರೋ ಪ್ಯಾಕ್ ಆದ್ರೆ ಕೈ ಹಾಕ್ಬೇಡಿ, ಸತ್ತಿದೆ ಅಂತ ಕಂಡ್ರೂ ಸೆಲ್ಲಲ್ಲಿ ಜೀವ ಇರತ್ತೆ, ನಿಕ್ಕಲ್ ಪಟ್ಟಿಗೆ ಸ್ಕ್ರೂಡ್ರೈವರ್ ತಗುಲಿದ್ರೆ ಶಾರ್ಟ್ ಆಗಿ ಬೆಂಕಿ. ಪ್ಲಾಸ್ಟಿಕ್ ಚಿಪ್ಪಿನ ಅಂಚಲ್ಲಿ ಮೆಲ್ಲಗೆ ಬಿಡಿಸಿ, ಎನ್‌ಟಿಸಿ ವೈರು ಒಂದೊಂದಾಗಿ ಕಟ್ ಮಾಡಿ, ಎರಡನ್ನೂ ಒಟ್ಟಿಗೆ ಕಟ್ಟರಲ್ಲಿ ಹಿಡೀಬೇಡಿ. ಸೆಲ್‌ಗಳನ್ನ ಬೇರೆ ಟೇಪ್ ಸುತ್ತಿ ಇ-ವೇಸ್ಟಿಗೆ ಎತ್ತಿಟ್ವಿ, ತಿಪ್ಪೆಗೆ ಹಾಕೋ ಸಾಮಾನಲ್ಲ ಅದು.

ಮೀಟರಿಗೆ ಹಾಕಿದ್ರೆ ಆ ಹೊತ್ತಿನ ರೂಮ್ ಟೆಂಪರೇಚರಲ್ಲಿ ಒಂಬತ್ತು ಸಾವಿರ ಓಮ್ಸ್ ಚಿಲ್ರೆ. ಬೆರಳಲ್ಲಿ ಹಿಡಿದ್ರೆ ಕಣ್ಣೆದ್ರೇ ಇಳೀತಾ ಹೋಗತ್ತೆ, ಬಿಟ್ರೆ ಏರತ್ತೆ. ಹುಡುಗ ಇದನ್ನೇ ಆಡ್ತಾ ಕೂತ, ನಾನೂ ಬಿಟ್ಟೆ. ಅದು 25 ಡಿಗ್ರೀಲಿ 10ಕೆ, ಅಂದ್ರೆ ಹತ್ತು ಸಾವಿರ ಓಮ್ಸ್, ಇರೋ ಜಾತಿ ಅಂತ ಗೊತ್ತಾಯ್ತು, ಆದ್ರೆ 10ಕೆ ಎನ್‌ಟಿಸಿಲೂ ಒಳ ಜಾತಿ ಇದೆ, ಬೀಟಾ ಅಂತಾರೆ, 3435 ಒಂದು, 3950 ಇನ್ನೊಂದು, ಬಿಸಿಗೆ ಎಷ್ಟು ಬೇಗ ಬದ್ಲಾಗತ್ತೆ ಅನ್ನೋ ಲೆಕ್ಕ. ಇದನ್ನ ಕಂಡ್ಹಿಡಿಯೋಕೆ ಐಸ್ ಸಾಕು. ಫ್ರಿಜ್ಜಿನ ಐಸ್ ಪುಡಿ ಮಾಡಿ ಲೋಟಕ್ಕೆ ಹಾಕಿ ಒಂಚೂರು ನೀರು ಬಿಟ್ಟು ಕಲಕ್ತಾ ಇದ್ರೆ ಸೊನ್ನೆ ಡಿಗ್ರಿ. ಎನ್‌ಟಿಸಿನ ಸಣ್ಣ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅದ್ರೊಳಗೆ ಬಿಡಿ, ಮೀಟರ್ 200ಕೆ ರೇಂಜಲ್ಲಿ ಇರ್ಲಿ. 27 ಸಾವಿರದ ಹತ್ರ ನಿಂತ್ರೆ 3435, 33 ಸಾವಿರದ ಹತ್ರ ನಿಂತ್ರೆ 3950. ನಮ್ದು 27ರ ಹತ್ರ ನಿಂತ್ತು. ಆ ಜಾತಿಗೆ 20 ಡಿಗ್ರೀಲಿ ಸುಮಾರು 12.1ಕೆ, 30 ಡಿಗ್ರೀಲಿ 8.3ಕೆ, ಮುಂದಿನ ಲೆಕ್ಕಕ್ಕೆಲ್ಲಾ ಈ ಎರಡು ನಂಬರ್ ಸಾಕು.

ಸರ್ಕ್ಯೂಟ್ ಬಾಯಲ್ಲೇ ಹೇಳ್ಬಿಡ್ತೀನಿ, ಚಿತ್ರ ಬೇಕಾಗಲ್ಲ. 5 ವೋಲ್ಟಿಂದ ಎನ್‌ಟಿಸಿ, ಅದ್ರ ಕೆಳಗೆ 10ಕೆ ರೆಸಿಸ್ಟರ್, ಅಲ್ಲಿಂದ ಗ್ರೌಂಡು, ಅಂದ್ರೆ ಚಾರ್ಜರಿನ ಮೈನಸ್ಸು. ಎರಡೂ ಸೇರೋ ಜಾಗ 393ರ 3ನೇ ಕಾಲಿಗೆ. ಬಿಸಿ ಆದ್ರೆ ಎನ್‌ಟಿಸಿ ಕಮ್ಮಿ ಆಗತ್ತೆ, ಆ ಜಾಗದ ವೋಲ್ಟೇಜ್ ಏರತ್ತೆ. 2ನೇ ಕಾಲಿಗೆ ನಾವು ನಾಬ್ ತಿರ್ಗಿಸಿ ಇಡೋ ವೋಲ್ಟೇಜು. 3ನೇದು 2ನೇದಕ್ಕಿಂತ ಮೇಲೆ ಹೋದ್ರೆ 1ನೇ ಕಾಲು ಮೇಲೆ ಹೋಗತ್ತೆ. 8ನೇದು 5 ವೋಲ್ಟು, 4ನೇದು ಗ್ರೌಂಡು. 1ನೇ ಕಾಲಿಂದ 5 ವೋಲ್ಟಿಗೆ ಒಂದು 4.7ಕೆ ಹಾಕ್ಲೇಬೇಕು, ಯಾಕಂದ್ರೆ 393ರ ಔಟ್‌ಪುಟ್ ಕೆಳಕ್ಕೆ ಎಳಿಯೋಕೆ ಮಾತ್ರ ಬರತ್ತೆ, ಮೇಲಕ್ಕೆ ತಳ್ಳೋಕೆ ಬರಲ್ಲ, ಓಪನ್ ಕಲೆಕ್ಟರ್ ಅಂತಾರೆ. ಈ ರೆಸಿಸ್ಟರ್ ಇಲ್ದೆ ಐಸಿ ಕೆಟ್ಟಿದೆ ಅಂತ ಎಸೆಯೋರು ಬಹಳ ಜನ. ಆಮೇಲೆ 1ನೇ ಕಾಲಿಂದ 10ಕೆ ಮೂಲಕ BC547 ಟ್ರಾನ್ಸಿಸ್ಟರ್ (ಸ್ವಿಚ್ ಥರ ಕೆಲ್ಸ ಮಾಡತ್ತೆ, ಬೇಸು ಎಮಿಟರು ಕಲೆಕ್ಟರು ಅದ್ರ ಮೂರು ಕಾಲು) ಬೇಸಿಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರಿಗೆ ಬಜರು, ಬಜರಿನ ಇನ್ನೊಂದು ಕಾಲು 5 ವೋಲ್ಟಿಗೆ.

ಇದ್ರಲ್ಲಿ ನಂಗೆ ಬಹಳ ಇಷ್ಟ ಆಗೋ ವಿಷ್ಯ, ಎನ್‌ಟಿಸಿ ಕಡೆ ವೋಲ್ಟೇಜೂ ನಾಬ್ ಕಡೆ ವೋಲ್ಟೇಜೂ ಎರಡೂ ಒಂದೇ 5 ವೋಲ್ಟಿಂದ ಭಾಗ ಆಗಿ ಬರ್ತಿರೋದು. ಅಗ್ಗದ ಚಾರ್ಜರ್ 4.8 ಕೊಡ್ಲಿ 5.2 ಕೊಡ್ಲಿ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯತ್ತೆ, ಅಲಾರಂ ಕೂಗೋ ಡಿಗ್ರಿ ಅಲ್ಲಾಡಲ್ಲ. ಚಾರ್ಜರ್ ಬದ್ಲಾಯ್ಸಿ ನೋಡಿದ್ರೂ ಅದೇ ಜಾಗದಲ್ಲೇ ಕೂಗ್ತು.

ನಾಬ್ ಯಾಕೆ ಬೇಕು, ಒಂದೇ ಡಿಗ್ರಿಗೆ ಫಿಕ್ಸ್ ಮಾಡ್ಬೋದಲ್ಲ ಅಂತ ಕೇಳ್ಬೋದು. ಹುಳಕ್ಕೆ ಒಂದೇ ಕಾವು ಆಗಲ್ಲ. ಚಾಕೀಲಿ, ಅಂದ್ರೆ ಹುಳ ಇನ್ನೂ ಮರಿ ಇರೋವಾಗ, 27-28 ಬೇಕು, ಹುಳ ಬೆಳೀತಾ ಬೆಳೀತಾ ಕಮ್ಮಿ ಆಗ್ಬೇಕು, ಎರಡನೇ ಜ್ವರ (ಹುಳ ತಿನ್ನೋದು ಬಿಟ್ಟು ಪೊರೆ ಕಳಚೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ) ಎದ್ದ ಮೇಲೆ 26, ಮೂರನೇ ಜ್ವರ ಎದ್ದ ಮೇಲೆ 25, ನಾಕನೇ ಜ್ವರ ಎದ್ದು ಕಡೇ ತಿನ್ನೋ ಹೊತ್ತಲ್ಲಿ 24 ಇದ್ರೆ ಒಳ್ಳೇದು. ತೇವನೂ ಹಂಗೇ, ಚಾಕೀಲಿ 85-90 ಪರ್ಸೆಂಟು, ಕಡೇಗೆ 65-70. ನಮ್ಮ ಕಡೆ ಈಗ ಜಾಸ್ತಿ ಜನ ಚಾಕಿ ಸೆಂಟರಿಂದಲೇ ಎರಡನೇ ಜ್ವರ ಎದ್ದ ಹುಳ ತರೋದು, ಹಂಗಾಗಿ 24ರಿಂದ 28ರೊಳಗೆ ಬದ್ಲಾಯ್ಸೋಕೆ ಬಂದ್ರೆ ಆಯ್ತು.

ಇಲ್ಲೇ ಲೆಕ್ಕ ಚೆನ್ನಾಗಿರೋದು. 10ಕೆ ಪಾಟನ್ನ, ಅಂದ್ರೆ ನಾಬ್ ತಿರ್ಗಿಸಿದ್ರೆ ಬದ್ಲಾಗೋ ಮೂರು ಕಾಲಿನ ರೆಸಿಸ್ಟರನ್ನ, ಸೀದಾ 5 ವೋಲ್ಟು ಗ್ರೌಂಡ್ ಮಧ್ಯೆ ಹಾಕಿದ್ರೆ ಸೊನ್ನೆಯಿಂದ 5ರ ತನಕ ಎಲ್ಲಾ ಬರತ್ತೆ, ಆದ್ರೆ ನಮಗೆ ಬೇಕಾಗಿರೋದು 2.45ರಿಂದ 2.65 ವೋಲ್ಟ್ ಒಳಗಿನ ಚೂರು, ನಾಬನ್ನ ಕೂದ್ಲಷ್ಟು ತಿರ್ಗಿಸಿದ್ರೆ ಮೂರು ಡಿಗ್ರಿ ಹಾರತ್ತೆ. ಅದ್ಕೆ ಪಾಟಿನ ಮೇಲೊಂದು 47ಕೆ ಕೆಳಗೊಂದು 47ಕೆ ಹಾಕಿದ್ವಿ. ಒಟ್ಟು 104ಕೆ ಆಯ್ತು, ಪಾಟಿನ ಕೆಳ ತುದೀಲಿ 2.26 ವೋಲ್ಟು, ಮೇಲಿನ ತುದೀಲಿ 2.74. ಎನ್‌ಟಿಸಿ ಲೆಕ್ಕಕ್ಕೆ ತಿರ್ಗಿಸಿದ್ರೆ 2.26 ಅಂದ್ರೆ 20 ಡಿಗ್ರಿ, 2.74 ಅಂದ್ರೆ 30 ಡಿಗ್ರಿ! ಅಂಗಡೀಲಿ ಸಿಗೋ ಸಾದಾ ರೆಸಿಸ್ಟರಲ್ಲಿ ಇಷ್ಟು ನೀಟಾಗಿ ಕೂತಿದ್ದು ನೋಡಿ ಹುಡುಗ ಪೇಪರ್ ಮೇಲೆ ಮತ್ತೆ ಮತ್ತೆ ಭಾಗಾಕಾರ ಮಾಡಿದ. ಸ್ಕೂಲಲ್ಲಿ ಓಮ್ಸ್ ಲಾ ಇನ್ನೂ ಬಂದಿಲ್ಲ ಮಾವ ಅಂದ, ಬರೋ ತನಕ ಕಾಯ್ಬೇಕಾ ಅಂದೆ.

ಪಾಟ್ ಎಲ್ಲಿಂದ? ರೇಡಿಯೋದ ವಾಲ್ಯೂಮ್ ಕಂಟ್ರೋಲ್ 10ಕೆ ಇತ್ತು, ಆದ್ರೆ ವಾಲ್ಯೂಮಿಗೆ ಹಾಕೋದು ಸಾಮಾನ್ಯವಾಗಿ ಲಾಗ್ ಪಾಟು, ಕಿವಿಗೆ ಸಮ ಅನ್ಸೋ ಹಂಗೆ ಒಂದು ಕಡೆ ನಿಧಾನಕ್ಕೆ ಒಂದು ಕಡೆ ಜೋರಾಗಿ ಬದ್ಲಾಗತ್ತೆ. ಗೊತ್ತಾಗ್ಬೇಕು ಅಂದ್ರೆ ನಾಬನ್ನ ಸರಿಯಾಗಿ ಮಧ್ಯಕ್ಕೆ ಇಟ್ಟು ನಡುವಿನ ಕಾಲಿಂದ ಎರಡೂ ತುದಿಗೆ ಅಳೀರಿ, ಎರಡೂ ಕಡೆ 5ಕೆ ಹತ್ರ ಬಂದ್ರೆ ಲೀನಿಯರ್, ಒಂದು ಕಡೆ ಒಂದೂವರೆ ಕೆ ಇನ್ನೊಂದು ಕಡೆ ಎಂಟೂವರೆ ಕೆ ಬಂದ್ರೆ ಲಾಗ್. ಲಾಗ್ ಹಾಕಿದ್ರೆ ಡಿಗ್ರಿ ಗುರುತುಗಳೆಲ್ಲಾ ಒಂದು ಮೂಲೇಲಿ ಒತ್ತೊತ್ತಾಗಿ ಬೀಳತ್ತೆ. ಪೇಟೆ ಗುಜರಿ ಅಂಗಡೀಲಿ ಸತ್ತಿರೋ ಆಂಪ್ಲಿಫಯರ್ ಬೋರ್ಡ್ ಒಂದ್ರಲ್ಲಿ ಬಿ10ಕೆ ಅಂತ ಬರ್ದಿರೋದು ಸಿಕ್ತು, ಬಿ ಅಂದ್ರೆ ಸಾಮಾನ್ಯವಾಗಿ ಲೀನಿಯರ್. ರೇಡಿಯೋದಿಂದ ಅದ್ರ ಚೆಂದದ ನಾಬ್ ಮಾತ್ರ ಕಿತ್ಕೊಂಡ್ವಿ. 47ಕೆ, 470ಕೆ ಎಲ್ಲಾ ಡಿವಿಡಿ ಬೋರ್ಡಲ್ಲಿ ಹುಡುಕಿದ್ವಿ, ಬಣ್ಣದ ಪಟ್ಟಿ ಓದೋದು ಅವನು ಕಲ್ತ, ಓದಿದ್ದನ್ನೆಲ್ಲಾ ಬೋರ್ಡಿಂದ ಬಿಚ್ಚಿ ಮೀಟರಲ್ಲಿ ಮತ್ತೆ ನೋಡ್ದ. ಬೋರ್ಡಲ್ಲಿ ಇರೋ ಹಂಗೇ ಅಳೆದ್ರೆ ಪಕ್ಕದ ಪಾರ್ಟುಗಳೂ ಸೇರಿ ಕಮ್ಮಿ ತೋರ್ಸತ್ತೆ.

ಬಜರಿಗೆ ಮೊದ್ಲು ಲ್ಯಾಂಡ್‌ಲೈನ್ ಫೋನಿನ ರಿಂಗರ್ ತೆಗ್ದು ನೋಡಿದ್ವಿ, ಹಿತ್ತಾಳೆ ಬಿಲ್ಲೆ ಥರದ ಪೀಜೋ. 5 ವೋಲ್ಟ್ ಕೊಟ್ರೆ ಟಕ್ ಅಂತು ಅಷ್ಟೇ, ತೆಗೆದ್ರೆ ಇನ್ನೊಂದು ಟಕ್. ಅದ್ಕೆ ಹೊರಗಿಂದ ಯಾರಾದ್ರೂ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡ್ಬೇಕು, ಆಗ ಮಾತ್ರ ಶಬ್ದ. ಯುಪಿಎಸ್ ಒಳಗಿದ್ದ ಕಪ್ಪು ಡಬ್ಬಿ ಬಜರ್ ಬೇರೆ ಜಾತಿ, ಆ ಆನ್ ಆಫ್ ಮಾಡೋ ಸರ್ಕ್ಯೂಟ್ ಅದ್ರ ಹೊಟ್ಟೇಲೇ ಇರತ್ತೆ, ಡಿಸಿ ಕೊಟ್ರೆ ಸಾಕು ಕೀ ಅನ್ನತ್ತೆ. ಎಲ್ಲಾ ಯುಪಿಎಸ್‌ಲೂ ಇದೇ ಜಾತಿ ಇರತ್ತೆ ಅಂತಲ್ಲ, 5 ವೋಲ್ಟ್ ಮುಟ್ಸಿ ಕೇಳಿ ತಿಳ್ಕೊಳ್ಳಿ, ಪ್ಲಸ್ ಮೈನಸ್ ನೋಡ್ಕೊಂಡು. ನಮ್ದು 12 ವೋಲ್ಟಿಂದೇ ಇರ್ಬೇಕು, 5ರಲ್ಲಿ ಸ್ವಲ್ಪ ಮೆತ್ತಗೆ ಕೂಗ್ತು, ಆದ್ರೂ ಅಂಗಳ ದಾಟಿ ಕೇಳ್ಸತ್ತೆ.

ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ದೆ ಕಾಲು ಸಿಗ್ಸೋ ತೂತಿನ ಬೋರ್ಡು) ಮೇಲೆ ಜೋಡ್ಸಿ ಎನ್‌ಟಿಸಿಗೆ ಬಿಸಿ ಚಹಾ ಲೋಟ ಹಿಡಿದ್ರೆ ಕೂಗ್ತು. ಲೋಟ ದೂರ ತಗೊಂಡು ತಣ್ಣಗಾಗ್ತಾ ಬಂದ ಹಂಗೆ, ನಿಲ್ಲೋ ಹೊತ್ತಲ್ಲಿ, ಕರ್ ಕರ್ ಕರ್ ಅಂತ ಗೊಗ್ಗರು ಶಬ್ದ. ಇದು ಕಂಪ್ಯಾರೇಟರಿನ ಜನ್ಮ ಸ್ವಭಾವ, ಎರಡೂ ಕಾಲು ಹೆಚ್ಚು ಕಮ್ಮಿ ಸಮ ಇದ್ದಾಗ ಒಂದು ಮಿಲಿವೋಲ್ಟ್ ಆಕಡೆ ಈಕಡೆ ಆದ್ರೂ ತೀರ್ಪು ಬದ್ಲಾಯ್ಸತ್ತೆ. ಔಷಧಿ 1ನೇ ಕಾಲಿಂದ 3ನೇ ಕಾಲಿಗೆ ಒಂದು 470ಕೆ. ಒಂದ್ಸಲ ಕೂಗೋಕೆ ಶುರು ಮಾಡಿದ್ರೆ ಆ ರೆಸಿಸ್ಟರ್ 3ನೇ ಕಾಲನ್ನ ಇನ್ನೊಂಚೂರು ಮೇಲೆತ್ತತ್ತೆ, ಸುಮಾರು 35 ಮಿಲಿವೋಲ್ಟು. ನಮ್ಮ ಡಿವೈಡರಲ್ಲಿ, ಅಂದ್ರೆ ಆ ಎನ್‌ಟಿಸಿ ಮತ್ತೆ 10ಕೆ ಜೋಡೀಲಿ, ಒಂದು ಡಿಗ್ರಿಗೆ 47 ಮಿಲಿವೋಲ್ಟ್ ಬದ್ಲಾಗೋದ್ರಿಂದ ಮುಕ್ಕಾಲು ಡಿಗ್ರಿ ಇಳಿಯೋ ತನಕ ಅಲಾರಂ ನಿಲ್ಲಲ್ಲ. ಗೊಗ್ಗರು ಶಬ್ದ ಪೂರ್ತಿ ಹೋಯ್ತು. 1ಎಂ, ಅಂದ್ರೆ ಹತ್ತು ಲಕ್ಷ ಓಮ್ಸ್, ಹಾಕಿದ್ರೆ ಇದ್ರ ಅರ್ಧ ಆಗತ್ತೆ, ಹುಳು ಮನೆಗೆ ಮುಕ್ಕಾಲು ಡಿಗ್ರಿ ಏನೂ ತೊಂದ್ರೆ ಇಲ್ಲ ಅಂತ 470ಕೆನೇ ಬಿಟ್ವಿ.

ಪೆಟ್ಗೆನ ಹುಳು ಮನೆ ಒಳಗೆ ಇಡೋ ಹಂಗಿಲ್ಲ. ಬೆಳೆ ಬೆಳೆಗೂ ಬ್ಲೀಚಿಂಗ್ ಪೌಡರ್ ಹೊಡೀತಾರೆ, ಹಾಸಿಗೆ ಮೇಲೆ ಸುಣ್ಣ ಎರಚ್ತಾರೆ, ಮೇಲಿಂದ ತೇವ, ತಾಮ್ರಕ್ಕೆ ಹಸಿರು ಹತ್ತೋಕೆ ಎಷ್ಟೊತ್ತು. ಅದ್ಕೆ ಎನ್‌ಟಿಸಿ ಒಂದೇ ಒಳಗೆ, ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಪ್ಲಾಸ್ಟಿಕ್ ಕೊಳವೆ) ಹಾಕಿ ಹುಳದ ಹಾಸಿಗೆ ಎತ್ತರಕ್ಕೆ ನೇತಾಕಿ, ಪೆಟ್ಗೆ ಜಗಲಿ ಗೋಡೆಗೆ. ಮಧ್ಯಕ್ಕೆ ಫೋನಿನ ಹಳೇ ವೈರು. ಅಷ್ಟುದ್ದ ವೈರ್ ಎಳೆದ್ರೆ ರೀಡಿಂಗ್ ತಪ್ಪಲ್ವಾ ಅಂತ ಹುಡುಗ ಕೇಳ್ದ, ಒಳ್ಳೇ ಪ್ರಶ್ನೆನೇ. ವೈರಿನ ಎರಡು ತುದಿ ಒಂದು ಕಡೆ ಸೇರ್ಸಿ ಇನ್ನೊಂದು ಕಡೆ ಅಳಿ ಅಂದೆ, ಮೂರು ಓಮ್ಸೂ ಬರ್ಲಿಲ್ಲ. ಒಂಬತ್ತು ಸಾವಿರದ ಮುಂದೆ ಮೂರು ಓಮ್ಸ್ ಯಾವ ಲೆಕ್ಕ. ಆದ್ರೆ ಉದ್ದ ವೈರು ಬೇರೆ ರೀತಿ ಕಾಟ ಕೊಡ್ತು, ಪಕ್ಕದ ತೋಟದ ಬೋರ್ ಮೋಟ್ರು ಸ್ಟಾರ್ಟ್ ಆದಾಗೆಲ್ಲಾ ಬಜರ್ ಒಂದ್ಸಲ ಕೀಕ್ ಅನ್ನೋದು. 3ನೇ ಕಾಲಿಂದ ಗ್ರೌಂಡಿಗೆ ಐಸಿ ಪಕ್ಕದಲ್ಲೇ ಒಂದು 104 ಬಿಲ್ಲೆ ಕೆಪಾಸಿಟರ್, ಅಂದ್ರೆ 0.1 ಮೈಕ್ರೋಫ್ಯಾರಡ್ ಹಾಕಿದ್ಮೇಲೆ ಕೀಕ್ ನಿಂತ್ತು. 8 ಮತ್ತೆ 4ನೇ ಕಾಲಿಗೂ ಇನ್ನೊಂದು 104 ಹಾಕ್ಬಿಡಿ, ಕೆಡೋದೇನಿಲ್ಲ.

ನಾಬ್ ಹಿಂದೆ ಮದುವೆ ಕಾರ್ಡಿನ ದಪ್ಪ ಕಾಗದ ಒಂದು ಅಂಟ್ಸಿ ಡಿಗ್ರಿ ಗುರುತು ಹಾಕಿದ್ವಿ. ಲೆಕ್ಕ ಮಾಡಿದ ಜಾಗದಲ್ಲೇ ಗುರುತು ಹಾಕಿದ್ರೆ ಅರ್ಧ ಡಿಗ್ರಿ ಫರಕು ಬರತ್ತೆ, ಯಾಕಂದ್ರೆ ಕೂಗ್ದೇ ಇರೋವಾಗ ಆ 470ಕೆ 3ನೇ ಕಾಲನ್ನ ಕೆಳಕ್ಕೆ ಎಳೀತಿರತ್ತೆ. ಹಂಗಾಗಿ ಗುರುತು ಹಾಕೋದು ಅಳತೆಯಿಂದಲೇ. ಹುಳು ಮನೆ ಥರ್ಮಾಮೀಟರಿನ ಒಣ ಬುಡ್ಡಿಗೆ ಎನ್‌ಟಿಸಿ ಸೇರ್ಸಿ ದಾರ ಕಟ್ಟಿ, ಎರಡನ್ನೂ ಒಂದು ಚೊಂಬು ನೀರಲ್ಲಿ ಬಿಟ್ಟು, ಒಂದೊಂದು ಲೋಟ ಬಿಸಿ ನೀರು ಹಾಕ್ತಾ ಕಲಕ್ತಾ, ಪ್ರತಿ ಡಿಗ್ರಿಗೂ ನಾಬ್ ತಿರ್ಗಿಸಿ ಕೂಗೋ ಜಾಗಕ್ಕೆ ಪೆನ್ ಗೀಟು. ಗಾಳೀಲಿ ಮಾಡಿದ್ರೆ ಕಾವು ನಿಲ್ಲಲ್ಲ, ನೀರಲ್ಲಿ ಚೆನ್ನಾಗಿ ನಿಲ್ಲತ್ತೆ.

ಇನ್ನು ಕರೆಂಟು. 1902ರಲ್ಲೇ ಶಿವನಸಮುದ್ರದಿಂದ ನಮ್ಮ ಹಳೇ ಕೋಲಾರ ಜಿಲ್ಲೆಗೆ ಲೈನ್ ಎಳ್ದು ಚಿನ್ನದ ಗಣಿಗೆ ಕರೆಂಟ್ ಕೊಟ್ಟಿದ್ರು, ಹೆಮ್ಮೆ ಪಡ್ಬೇಕಾದ್ದೇ, ಆದ್ರೆ ನಮ್ಮ ಹುಳು ಮನೇಲಿ ಸರಿಯಾಗಿ ಮಧ್ಯಾಹ್ನ ಬಿಸಿ ಏರೋ ಹೊತ್ಗೇ ಹೋಗತ್ತೆ. ಕರೆಂಟ್ ಹೋದ್ರೆ ಫ್ಯಾನೂ ನಿಲ್ಲತ್ತೆ, ಅಲಾರಮ್ಮೂ ಮೂಕ ಆಗತ್ತೆ, ಅಂದ್ರೆ ಬೇಕಾದ ಹೊತ್ಗೇ ಇಲ್ಲ. ಹಳೇ ಪವರ್ ಬ್ಯಾಂಕ್ ಒಂದನ್ನ ಮಧ್ಯೆ ಸೇರ್ಸಿದ್ವಿ, ಚಾರ್ಜ್ ಆಗ್ತಾನೇ ಕೊಡೋ ಜಾತಿದು, ಎಲ್ಲಾ ಪವರ್ ಬ್ಯಾಂಕೂ ಹಂಗೆ ಮಾಡಲ್ಲ, ನೋಡಿ ತಗೊಳ್ಳಿ. ಹಾಕಿದ ಸ್ವಲ್ಪ ಹೊತ್ಗೆ ಅದು ತಾನಾಗೇ ಆಫ್. ನಮ್ಮ ಸರ್ಕ್ಯೂಟ್ ಎಳಿಯೋದು ಬರೀ ಕೆಲವು ಮಿಲಿ ಆಂಪ್ಸ್, ಪವರ್ ಬ್ಯಾಂಕ್ ಅದನ್ನ ನೋಡಿ ಫೋನ್ ತೆಗ್ದಾಯ್ತು ಅಂದ್ಕೊಂಡು ಮುಚ್ಕೊಳ್ಳತ್ತೆ. ಇದ್ಕೆ ಎಸ್ಎಂಪಿಎಸ್ ಫ್ಯಾನ್ ಉಪಯೋಗಕ್ಕೆ ಬಂತು. 12 ವೋಲ್ಟಿನ ಫ್ಯಾನ್ 5 ವೋಲ್ಟಲ್ಲಿ ನಿಧಾನಕ್ಕೆ ತಿರ್ಗತ್ತೆ, ಅದು ಎಳಿಯೋ ಕರೆಂಟಿಗೆ ಪವರ್ ಬ್ಯಾಂಕ್ ಎದ್ದೇ ಇರತ್ತೆ. ಪೆಟ್ಗೆ ಮೇಲೆ ಒಂದು ಹಸಿರು ಎಲ್ಇಡಿನೂ ಹಾಕಿದ್ವಿ, 1ಕೆ ಜೊತೆ, ಅದು ಉರೀತಿದ್ರೆ ಮಾತ್ರ ಪೆಟ್ಗೆ ಸುಮ್ನಿದೆ ಅಂದ್ರೆ ಕಾವು ಸರಿ ಇದೆ ಅಂತ ಅರ್ಥ.

ಫ್ಯಾನ್ ಇದ್ಮೇಲೆ ಅದ್ಕೆ ಇನ್ನೊಂದು ಕೆಲ್ಸ ಕೊಡೋಣ ಅನ್ಸ್ತು. 393 ಒಳಗೆ ಎರಡು ಕಂಪ್ಯಾರೇಟರ್ ಇರತ್ತೆ, 5, 6, 7ನೇ ಕಾಲು ಸುಮ್ನೆ ಕೂತಿದ್ವು. ಇನ್ನೊಂದು ಲ್ಯಾಪ್‌ಟಾಪ್ ಪ್ಯಾಕ್ ಗುಜರಿ ಅಂಗಡೀಲೇ ಸಿಕ್ತು, ಅದ್ರ ಎನ್‌ಟಿಸಿನೂ ಐಸ್ ಟೆಸ್ಟಲ್ಲಿ 27ರ ಹತ್ರನೇ ಬಂತು, ಜೋಡಿ ಆಯ್ತು. ಅದ್ಕೆ ಸ್ಲೀವ್ ಹಾಕಿ ಮೇಲೆ ಲಾಟೀನು ಬತ್ತಿ ತುಂಡು ಸುತ್ತಿ, ಬತ್ತಿ ತುದಿ ನೀರಿನ ಬಾಟ್ಲೀಲಿ. ಒಣ-ತೇವ ಥರ್ಮಾಮೀಟರಿನ ಕೆಲ್ಸನೇ ಇದು, ಗಾಳಿ ಒಣಗಿದ್ದಷ್ಟೂ ಬತ್ತಿ ನೀರು ಬೇಗ ಆರಿ ತಣ್ಣಗಾಗತ್ತೆ. ಒಣ ಕಡೆ 25, ತೇವದ ಕಡೆ 21 ಇದ್ರೆ ತೇವಾಂಶ ಸುಮಾರು 70 ಪರ್ಸೆಂಟು. 21 ಡಿಗ್ರೀಲಿ ಈ ಎನ್‌ಟಿಸಿ 11.6ಕೆ, ಹಂಗಾಗಿ ತೇವದ ಕಡೆ ಡಿವೈಡರಲ್ಲಿ ಕೆಳಗೆ 10ಕೆ ಜೊತೆ ಒಂದು 5ಕೆ ಪ್ರೀಸೆಟ್ (ಸ್ಕ್ರೂಡ್ರೈವರಲ್ಲಿ ತಿರ್ಗಿಸೋ ಪುಟ್ಟ ಪಾಟು) ಸೇರ್ಸಿ ಅದನ್ನ 1.6ಕೆಗೆ ಇಟ್ರೆ ನಾಕು ಡಿಗ್ರಿ ಅಂತರ ಇದ್ದಾಗ ಎರಡೂ ಕಡೆ ವೋಲ್ಟೇಜ್ ಸಮ. ಅಂತರ ಅದಕ್ಕಿಂತ ಜಾಸ್ತಿ ಆದ್ರೆ, ಅಂದ್ರೆ ಗಾಳಿ ಒಣಗಿದ್ರೆ, ಒಣ ಕಡೆ ಗೆಲ್ಲತ್ತೆ, ಹಳದಿ ಎಲ್ಇಡಿ ಹತ್ತತ್ತೆ. ಒಣ ಕಡೆ ಜಾಗ 5ನೇ ಕಾಲಿಗೆ, ತೇವದ್ದು 6ನೇ ಕಾಲಿಗೆ, 7ರಿಂದ ಇನ್ನೊಂದು 4.7ಕೆ, 10ಕೆ, ಟ್ರಾನ್ಸಿಸ್ಟರು, ಅದ್ರ ಕಲೆಕ್ಟರಿಂದ 5 ವೋಲ್ಟಿಗೆ ಹಳದಿ ಎಲ್ಇಡಿ 1ಕೆ ಜೊತೆ.

ಬತ್ತಿ ಮೇಲೆ ಗಾಳಿ ಆಡ್ದೇ ಇದ್ರೆ ತೇವದ ಕಡೆ ಪೂರ್ತಿ ತಣ್ಣಗಾಗಲ್ಲ, ಇರೋದಕ್ಕಿಂತ ಜಾಸ್ತಿ ತೇವ ಇದೆ ಅಂತ ಮೋಸ ಮಾಡತ್ತೆ, ಅದ್ಕೇ ಆ ಫ್ಯಾನನ್ನ ಒಳಗೆ ತಗೊಂಡೋಗಿ ಬತ್ತಿ ಮುಂದೆ ಕೂರ್ಸಿದ್ದು. ಒಂದು ಕೊರತೆ ಇದ್ದೇ ಇದೆ, ಬಜರ್ ಕೂಗೋವಾಗ ಆ 470ಕೆ ಒಣ ಕಡೆ ವೋಲ್ಟೇಜನ್ನ 35 ಮಿಲಿವೋಲ್ಟ್ ಎತ್ತೋದ್ರಿಂದ ಹಳದಿ ಎಲ್ಇಡಿ ಲೆಕ್ಕನೂ ಮುಕ್ಕಾಲು ಡಿಗ್ರಿ ಜರುಗತ್ತೆ. ಬಜರ್ ಕೂಗಿದ್ಮೇಲೆ ಯಾರಾದ್ರೂ ಒಳಗೆ ಹೋಗಿ ಥರ್ಮಾಮೀಟರೇ ನೋಡ್ತಾರಲ್ಲ, ಹಂಗಾಗಿ ಬಿಟ್ಟಿದೀವಿ. ಸರಿ ಮಾಡ್ಲೇಬೇಕು ಅಂದ್ರೆ ಒಣ ಕಡೆಗೂ ಇನ್ನೊಂದು ಎನ್‌ಟಿಸಿ ಬೇರೆ ಹಾಕ್ಬೇಕು.

ಈ ಬೆಳೇಲಿ ಪೆಟ್ಗೆ ಜಗಲೀಲಿ ನೇತಾಡ್ತಿದೆ. ಅಪ್ಪ ಮೊದ್ಲು ಅದ್ರ ಕಡೆ ತಿರ್ಗೂ ನೋಡ್ತಿರ್ಲಿಲ್ಲ, ನಾಕನೇ ಜ್ವರ ಎದ್ದ ಮೇಲೆ ಒಂದು ಮಧ್ಯಾಹ್ನ ಕೂಗಿದಾಗ ಅವರೇ ಗೋಣಿ ಚೀಲ ನೆನೆಸಿ ಕಿಟಕಿಗೆ ಕಟ್ಟಿ, ಶೀಟ್ ಮೇಲೆ ಪೈಪಲ್ಲಿ ನೀರು ಬಿಟ್ರು, ಸ್ವಲ್ಪ ಹೊತ್ಗೆ ನಿಂತ್ತು. ಆಮೇಲೆ ನನ್ ಹತ್ರ ಬಂದು, "ಲೋ, ಇದು 28ಕ್ಕೆ ಕೂಗೋದು ಲೇಟಾಯ್ತು ಕಣೋ, 27ಕ್ಕೆ ಇಡು, ನೀರು ಹೊಡ್ದು ತಣ್ಣಗಾಗೋಕೂ ಟೈಮ್ ಬೇಕಲ್ಲ" ಅಂದ್ರು. ಹೇಳಿದ್ದು ಸರಿನೇ, ನಾಬ್ ಅಲ್ಲೇ ಇದೆ ನೀವೇ ತಿರ್ಗಿಸ್ಕೊಳ್ಳಿ ಅಂದೆ. ಈಗ ಅವರ ತಕರಾರು ಏನಂದ್ರೆ ತೋಟಕ್ಕೆ ಕೇಳ್ಸಲ್ಲ ಅಂತ. ಉಳಿದಿರೋ ಫೋನ್ ವೈರಲ್ಲಿ ಇನ್ನೊಂದು ಬಜರ್ ತೋಟದ ಪಂಪ್‌ಸೆಟ್ ಮನೆ ತನಕ ಎಳೀಬೇಕು, ಅಷ್ಟು ದೂರಕ್ಕೆ ವೈರಲ್ಲಿ ಎಷ್ಟು ವೋಲ್ಟ್ ಬಿದ್ದೋಗತ್ತೆ ಅಂತ ಹುಡುಗ ಲೆಕ್ಕ ಹಾಕ್ತಾ ಕೂತಿದಾನೆ.